ಪ್ಯಾರಾಚೂಟ್ ಇದ್ದರೂ ಸಿಬ್ಬಂದಿ ಏಕೆ ಉಳಿಯಲಿಲ್ಲ?

ಪ್ರಶ್ನೆ: ಎಡ ರೆಕ್ಕೆ ಮುರಿದು, ಉರಿಯುತ್ತಾ ಬೀಳುತ್ತಿರುವ ಎರಡನೇ ಮಹಾಯುದ್ಧದ ಅಮೆರಿಕನ್ ಬಾಂಬರ್ ವಿಮಾನದ ಫೋಟೊ ಆಗಾಗ ಕಣ್ಣಿಗೆ ಬೀಳುತ್ತದೆ. ಅಷ್ಟು ಎತ್ತರದಲ್ಲಿದ್ದಾಗ ಹಾರಿಕೊಳ್ಳಲು ಸಾಕಷ್ಟು ಸಮಯ ಇತ್ತಲ್ಲವೇ? ಎಲ್ಲರಿಗೂ ಪ್ಯಾರಾಚೂಟ್ ಕೊಟ್ಟಿದ್ದರೂ ಸಿಬ್ಬಂದಿ ಏಕೆ ಸತ್ತರು?

ಉತ್ತರ: ಆ ಫೋಟೊ ಬಹುಶಃ ‘ವೀ ವಿಲ್ಲಿ’ ಎಂದು ಹೆಸರಿಟ್ಟಿದ್ದ ಬಿ-17 ವಿಮಾನದ್ದು. ಇಂಗ್ಲೆಂಡಿನ ಬ್ಯಾಸಿಂಗ್‌ಬೋರ್ನ್ ನೆಲೆಯ 91ನೇ ಬಾಂಬರ್ ದಳಕ್ಕೆ ಸೇರಿದ್ದ ಅದು 120ಕ್ಕೂ ಹೆಚ್ಚು ದಾಳಿಗಳಿಗೆ ಹೋಗಿ ಮರಳಿತ್ತು. 1945ರ ಏಪ್ರಿಲ್ 8ರಂದು, ಯೂರೋಪಿನ ಯುದ್ಧ ಮುಗಿಯಲು ಇನ್ನೊಂದೇ ತಿಂಗಳು ಉಳಿದಿದ್ದಾಗ, ಜರ್ಮನಿಯ ಸ್ಟೆಂಡಾಲ್ ಪಟ್ಟಣದ ಮೇಲಿನ ದಾಳಿಯಲ್ಲಿ ವಿಮಾನ ನಿರೋಧಕ ಫಿರಂಗಿಯ ಶೆಲ್ ಅದಕ್ಕೆ ನೇರವಾಗಿ ಬಡಿಯಿತು. ವಿಮಾನದಲ್ಲಿದ್ದ 9 ಮಂದಿಯಲ್ಲಿ 8 ಮಂದಿ ಸತ್ತರು. ಪೈಲಟ್ ಒಬ್ಬರೇ ಬದುಕಿ ಉಳಿದು ಜರ್ಮನ್ನರ ಸೆರೆಯಾದರು.

ಇಂಥ ನೇರ ಪೆಟ್ಟು ಅಪರೂಪ. ಜರ್ಮನ್ನರು ಹೆಚ್ಚಾಗಿ ಬಳಸುತ್ತಿದ್ದ 88 ಮಿಲಿಮೀಟರ್ ಫಿರಂಗಿ ಸುಮಾರು 9 ಕಿಲೊ ತೂಕದ ಶೆಲ್ಲನ್ನು ಹಾರಿಸುತ್ತಿತ್ತು. ವಿಮಾನಗಳ ಎತ್ತರವನ್ನು ಲೆಕ್ಕ ಹಾಕಿ ಶೆಲ್ ಎಷ್ಟು ಸೆಕೆಂಡಿಗೆ ಸಿಡಿಯಬೇಕೆಂದು ಮೊದಲೇ ಹೊಂದಿಸಲಾಗುತ್ತಿತ್ತು. ಅದು ಆಕಾಶದಲ್ಲಿ ಸಿಡಿದು ಉಕ್ಕಿನ ಚೂರುಗಳನ್ನು ಎಲ್ಲ ದಿಕ್ಕಿಗೂ ಎಸೆಯುತ್ತಿತ್ತು. ಚೂರುಗಳಿಂದ ಮೈಯೆಲ್ಲ ತೂತಾದ ವಿಮಾನಗಳು ನೆಲೆಗೆ ಮರಳಿದ್ದಕ್ಕೆ ಲೆಕ್ಕವಿಲ್ಲ. ಗುರಿಯ ಹತ್ತಿರದ ಕೊನೆಯ ಕೆಲವು ನಿಮಿಷ ಬಾಂಬ್ ಗುರಿಯಿಡುವ ಉಪಕರಣಕ್ಕಾಗಿ ವಿಮಾನ ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ, ಅತ್ತಿತ್ತ ತಿರುಗದೆ ಹಾರಲೇಬೇಕಿತ್ತು. ಫಿರಂಗಿಯವರಿಗೆ ಬೇಕಿದ್ದುದೂ ಅದೇ.

ಇನ್ನು ತಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಪೆಟ್ಟು ತಿಂದ ಬಾಂಬರಿನಿಂದ ಎಷ್ಟು ಜನ ಹೊರಬರುತ್ತಿದ್ದರು ಎಂಬುದನ್ನು ವಿಮಾನ ಇದ್ದ ಎತ್ತರಕ್ಕಿಂತ ಹೆಚ್ಚಾಗಿ ನಿರ್ಧರಿಸುತ್ತಿದ್ದುದು ಆ ವಿಮಾನ ಬೀಳುತ್ತಿದ್ದ ರೀತಿ. ಎಂಜಿನ್ ಕೆಟ್ಟು ನಿಧಾನವಾಗಿ ಇಳಿಯುತ್ತಿದ್ದ ವಿಮಾನದಿಂದ ಕೆಲವೊಮ್ಮೆ ಸಿಬ್ಬಂದಿಯೆಲ್ಲರೂ ಹಾರಿ ಉಳಿದದ್ದುಂಟು. ರೆಕ್ಕೆಯೇ ಹೋದರೆ ಕಥೆ ಬೇರೆ. ಉಳಿದ ಒಂದು ರೆಕ್ಕೆ ಇನ್ನೂ ಗಾಳಿಯನ್ನು ಹಿಡಿದು ಮೇಲೆತ್ತುತ್ತಲೇ ಇರುವುದರಿಂದ ವಿಮಾನ ಮಗುಚಿಕೊಂಡು ಗಿರಗಿರನೆ ಸುತ್ತುತ್ತಾ ಬೀಳತೊಡಗುತ್ತದೆ. ಆ ಸುತ್ತಿನ ರಭಸ ಒಳಗಿದ್ದವರನ್ನು ಗೋಡೆಗೋ ಛಾವಣಿಗೋ ಒತ್ತಿ ಹಿಡಿಯುತ್ತದೆ. ಎದ್ದು ನಡೆಯುವ ಮಾತಿರಲಿ, ಕೈ ಎತ್ತುವುದೂ ಕಷ್ಟವಾಗುತ್ತದೆ. ಜೊತೆಗೆ ಬಿ-17ರ ರೆಕ್ಕೆಗಳಲ್ಲೇ ಸಾವಿರಾರು ಲೀಟರ್ ಪೆಟ್ರೋಲ್ ತುಂಬಿರುತ್ತಿತ್ತು.

ಪ್ಯಾರಾಚೂಟ್ ‘ಇತ್ತು’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಇಕ್ಕಟ್ಟಿನಲ್ಲಿ ಕೆಲಸ ಮಾಡುತ್ತಿದ್ದ ಅನೇಕ ಗನ್ನರುಗಳು (ಬಂದೂಕು ಹಾರಿಸುವವರು) ಮೈಮೇಲೆ ಧರಿಸುತ್ತಿದ್ದುದು ಪ್ಯಾರಾಚೂಟ್ ಸಿಕ್ಕಿಸುವ ಪಟ್ಟಿಗಳನ್ನು ಮಾತ್ರ. ಎದೆಗೆ ಸಿಕ್ಕಿಸಿಕೊಳ್ಳುವ ಪ್ಯಾರಾಚೂಟಿನ ಕಟ್ಟು ಕೈಗೆಟಕುವ ಜಾಗದಲ್ಲಿ ಬೇರೆಯಾಗಿ ಇರುತ್ತಿತ್ತು. ಅಪಾಯ ಬಂದಾಗ ಅವರು ಚೂರುಗಳಿಂದ ಕಾಪಾಡುವ ಉಕ್ಕಿನ ಪಟ್ಟಿಗಳ ಭಾರವಾದ ಕವಚವನ್ನು ಕಳಚಿ, ಆಮ್ಲಜನಕದ ಕೊಳವೆ, ಮಾತಾಡುವ ತಂತಿ, ಮೈ ಬೆಚ್ಚಗಿಡುವ ಉಡುಪಿನ ವಿದ್ಯುತ್ ತಂತಿ ಇವಿಷ್ಟನ್ನೂ ಬಿಡಿಸಿಕೊಂಡು, ದಪ್ಪ ಕೈಗವಸಿನ ಬೆರಳುಗಳಿಂದ ಆ ಕಟ್ಟನ್ನು ಎರಡು ಕೊಕ್ಕೆಗಳಿಗೆ ಸಿಕ್ಕಿಸಿ, ಬಳಿಕ ಬಾಗಿಲು ತಲುಪಬೇಕಿತ್ತು. ವಿಮಾನದ ಹೊಟ್ಟೆಯಡಿಯ, ತಿರುಗುವ ಗುಂಡನೆಯ ಬಂದೂಕಿನ ಗೂಡಿನಲ್ಲಿ ಮಂಡಿ ಮಡಚಿ ಕುಳಿತಿರುತ್ತಿದ್ದ ಗನ್ನರ್‌ನ ಸ್ಥಿತಿ ಎಲ್ಲಕ್ಕಿಂತ ಕಠಿಣ. ಬಂದೂಕುಗಳನ್ನು ನೇರ ಕೆಳಕ್ಕೆ ತಿರುಗಿಸಿದರೆ ಮಾತ್ರ ಅವನ ಬಾಗಿಲು ವಿಮಾನದ ಒಳಕ್ಕೆ ತೆರೆದುಕೊಳ್ಳುತ್ತಿತ್ತು, ಮತ್ತು ಅವನ ಪ್ಯಾರಾಚೂಟ್ ಸಾಮಾನ್ಯವಾಗಿ ಇರುತ್ತಿದ್ದುದು ಆ ಬಾಗಿಲಿನ ಆಚೆಗೆ. ನೆಟ್ಟಗೆ ಹಾರುವ ವಿಮಾನದಲ್ಲಿ ಇದೆಲ್ಲ ಸಾಧ್ಯ. ಸುತ್ತುತ್ತಾ ಬೀಳುವ ವಿಮಾನದಲ್ಲಿ ಬಲಿಷ್ಠ ಯುವಕನಿಂದಲೂ ಆಗದ ಕೆಲಸ. ಆ 8 ಮಂದಿ ಹೆದರಿ ಕೂತರು, ತಡ ಮಾಡಿದರು ಎಂದು ಫೋಟೊ ನೋಡಿ ತೀರ್ಮಾನಿಸುವುದು ಅನ್ಯಾಯ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಜೊತೆಗೆ ಹಾರುತ್ತಿದ್ದವರ ಹೇಳಿಕೆಯಿಂದ ತಯಾರಾದ ಸೇನಾ ವರದಿಯ ಪ್ರಕಾರ, ಶೆಲ್ ಬಡಿದದ್ದು ಬಾಂಬ್ ಇಡುವ ಜಾಗಕ್ಕೂ ಎಡಗಡೆಯ ಒಳ ಎಂಜಿನ್ನಿಗೂ ನಡುವೆ. ವಿಮಾನ ಕೂಡಲೇ ಮೂಗು ಕೆಳಗಾಗಿ ಧುಮುಕಿತು. ನೆಲ ಇನ್ನೂ ಸುಮಾರು 3,000 ಅಡಿ ದೂರವಿದ್ದಾಗ ಅದರ ಒಡಲು ಸಿಡಿಯಿತು, ನೆಲಕ್ಕೆ ಬಡಿದಾಗ ಮತ್ತೊಮ್ಮೆ ಸಿಡಿಯಿತು. ಯಾರೂ ಹೊರಬಂದದ್ದಾಗಲಿ, ಪ್ಯಾರಾಚೂಟ್ ತೆರೆದದ್ದಾಗಲಿ ಕಾಣಲಿಲ್ಲ ಎಂದೂ ಆ ವರದಿ ಹೇಳುತ್ತದೆ.

ಆದರೆ ಪೈಲಟ್ ಬದುಕಿದ್ದರು. ಅಂದರೆ, ತಮ್ಮ ವಿಮಾನವನ್ನು ಸಾಲು ತಪ್ಪದಂತೆ ಹಾರಿಸುತ್ತಾ ಮುಂದಕ್ಕೆ ಹೋಗುತ್ತಿದ್ದವರ ಕಣ್ಣಿಗೆ ಬೀಳದೆ ಅವರು ಹೊರಬಂದಿರಬೇಕು. ಪ್ಯಾರಾಚೂಟ್ ಕಾಣಲಿಲ್ಲ ಎಂದಮಾತ್ರಕ್ಕೆ ಸೇನೆ ಸಿಬ್ಬಂದಿಯನ್ನು ಸತ್ತವರೆಂದು ಬರೆಯದೆ, ಖಚಿತ ಸುದ್ದಿ ಬರುವವರೆಗೆ ‘ಕಾಣೆಯಾದವರು’ ಎಂದೇ ಮನೆಯವರಿಗೆ ತಿಳಿಸುತ್ತಿದ್ದುದಕ್ಕೆ ಇಂಥ ಘಟನೆಗಳೇ ಕಾರಣ.