ಹುಂಜವೋ ಹೇಂಟೆಯೋ: ಚಿಪ್ಪು ಕಟ್ಟುವ ಮೊದಲೇ ತೀರ್ಮಾನ

ಕಾವಿಗೆ ಇಡುವ ಮೊಟ್ಟೆ ಆರಿಸುವಾಗ ನಮ್ಮ ಕಡೆ ಒಂದು ಲೆಕ್ಕ ಈಗಲೂ ನಡೆಯುತ್ತದೆ: ತುದಿ ಚೂಪಾಗಿದ್ದರೆ ಹುಂಜ, ದುಂಡಗಿದ್ದರೆ ಹೇಂಟೆ. ದಾರಕ್ಕೆ ಉಂಗುರ ಕಟ್ಟಿ ಮೊಟ್ಟೆಯ ಮೇಲೆ ತೂಗಿ ನೋಡುವವರೂ ಇದ್ದಾರೆ. ಇಷ್ಟೆಲ್ಲ ಮಾಡಿಯೂ ಹತ್ತು ಮರಿಗಳಲ್ಲಿ ಏಳು ಹುಂಜಗಳೇ ಬಂದರೆ ಮೊಟ್ಟೆ ಕೊಟ್ಟವರ ಕೈಗುಣವನ್ನು ದೂರುತ್ತಾರೆ, ಇಲ್ಲವೇ ಕಾವಿಗೆ ಕೂರಿಸಿದ ದಿನ ಸರಿಯಿರಲಿಲ್ಲ ಎನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸುಮ್ಮನಿರಲು ಆಗುವುದಿಲ್ಲ. ಇದು ಹೊಸ ನಂಬಿಕೆಯೂ ಅಲ್ಲ. ಒಂದನೇ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ್ಲ ಕೂಡ ಹುಂಜ ಬೇಕಿದ್ದವರು ಉದ್ದನೆಯ ಚೂಪು ಮೊಟ್ಟೆ ಇಡಬೇಕೆಂದು ಬರೆದಿಟ್ಟಿದ್ದ. ಎರಡು ಸಾವಿರ ವರ್ಷ ಕಳೆದರೂ ಅದೇ ತಪ್ಪು.

ನಡೆಯುವುದೇನೆಂದು ನೋಡಿ. ಹುಂಜದ ಜೀವಕೋಶಗಳಲ್ಲಿ ಲಿಂಗ ನಿರ್ಧರಿಸುವ ಎರಡು ಝಡ್ ವರ್ಣತಂತುಗಳು (ಕ್ರೋಮೋಸೋಮ್) ಇರುತ್ತವೆ, ಹೇಂಟೆಯಲ್ಲಿ ಒಂದು ಝಡ್, ಒಂದು ಡಬ್ಲ್ಯು. ಹುಂಜ ಕೊಡುವುದು ಯಾವಾಗಲೂ ಝಡ್. ಹಾಗಾಗಿ ಮರಿ ಗಂಡೋ ಹೆಣ್ಣೋ ಎಂಬುದು ಹೇಂಟೆಯ ಕಡೆಯಿಂದಲೇ ತೀರ್ಮಾನವಾಗುತ್ತದೆ. ಹಳದಿ ಭಂಡಾರ ಅಂಡಾಶಯದಿಂದ ಕಳಚುವ ಸ್ವಲ್ಪ ಮೊದಲು ಅದರೊಳಗಿನ ಕೋಶಕೇಂದ್ರ ಒಡೆದು, ಎರಡು ವರ್ಣತಂತುಗಳಲ್ಲಿ ಒಂದು ಉಳಿಯುತ್ತದೆ, ಇನ್ನೊಂದು ಹೊರಬಿದ್ದು ನಾಶವಾಗುತ್ತದೆ. ಝಡ್ ಉಳಿದರೆ ಹುಂಜ, ಡಬ್ಲ್ಯು ಉಳಿದರೆ ಹೇಂಟೆ. ಝಡ್ ಮೇಲಿರುವ ಡಿಎಂಆರ್‌ಟಿ-1 ಎಂಬ ಜೀನ್ ಎರಡು ಪಾಲು ಸಿಕ್ಕಾಗ ಮಾತ್ರ ಭ್ರೂಣದಲ್ಲಿ ವೃಷಣ ಬೆಳೆಸುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2009ರಲ್ಲಿ ತೋರಿಸಿಕೊಟ್ಟರು. ಭಂಡಾರ ಕಳಚಿದ ಮೇಲೆ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ, ಪೊರೆ ಕಟ್ಟುತ್ತದೆ, ಆಮೇಲೆ ಸುಮಾರು 20 ಗಂಟೆ ಚಿಪ್ಪಿನ ಕೆಲಸ. ಅಂದರೆ ಮೊಟ್ಟೆಗೆ ಆಕಾರವೇ ಬಾರದಿದ್ದಾಗ ಒಳಗಿನ ತೀರ್ಮಾನ ಮುಗಿದಿರುತ್ತದೆ. ಚೂಪು ತುದಿಗೆ ಅದನ್ನು ಹೇಳುವ ದಾರಿಯೇ ಇಲ್ಲ.

ಕಾವಿನ ಬಿಸಿ ಹೆಚ್ಚುಕಮ್ಮಿ ಮಾಡಿ ಹೇಂಟೆ ಪಡೆಯಬಹುದೆಂಬ ಸಲಹೆಯೂ ಓಡಾಡುತ್ತಿದೆ. ಅದು ಕಡಲಾಮೆಯ ಕಥೆ. ಕಾರವಾರದ ದೇವಬಾಗದಲ್ಲೋ ಹೊನ್ನಾವರದ ಕಾಸರಕೋಡಿನಲ್ಲೋ ಮರಳಿನಡಿ ಮೊಟ್ಟೆಯಿಡುವ ಆಲಿವ್ ರಿಡ್ಲೆ ಆಮೆಗೆ ಲಿಂಗ ವರ್ಣತಂತುಗಳೇ ಇಲ್ಲ. ಮರಳು ಬಿಸಿಯಾದಷ್ಟೂ ಹೆಣ್ಣು ಹೆಚ್ಚು, ತಣ್ಣಗಿದ್ದರೆ ಗಂಡು ಹೆಚ್ಚು. ಕೋಳಿ ಮೊಟ್ಟೆಗೆ ಬಿಸಿ ತಪ್ಪಿದರೆ ಮರಿ ಸಾಯುತ್ತದೆ, ಅಷ್ಟೆ.

ಉಳಿದದ್ದು ನಾಣ್ಯ ಚಿಮ್ಮಿದಂಥ ಲೆಕ್ಕ. ಹತ್ತು ಮರಿಗಳಲ್ಲಿ ಏಳು ಅಥವಾ ಅದಕ್ಕೂ ಹೆಚ್ಚು ಹುಂಜ ಬರುವ ಸಾಧ್ಯತೆ ಶೇ. 17. ಆರು ಮನೆಗಳಲ್ಲಿ ಕಾವಿಗೆ ಕೂರಿಸಿದರೆ ಒಂದು ಮನೆಗಾದರೂ ಹೀಗಾಗುವುದು ಸಹಜ. ಆದ್ದರಿಂದ ಹೇಂಟೆಯನ್ನು ಕೂರಿಸುವ ದಿನವೇ ಮರಿಗಳಲ್ಲಿ ಅರ್ಧದಷ್ಟು ಬರುವ ಹುಂಜಗಳಿಗೆ ದಾರಿ ಯೋಚಿಸಿಟ್ಟಿರಬೇಕು.

ಎಂಟು-ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಬರಿ ಮೊಟ್ಟೆ ತಿನ್ನುವುದಿದ್ದರೆ ಒಂದೂ ಬೇಡ. ಹುಂಜವಿಲ್ಲದೆಯೂ ಹೇಂಟೆ ಇಡುತ್ತದೆ. ಹುಂಜಗಳು ಮಿತಿ ಮೀರಿದ್ದನ್ನು ಹೇಂಟೆಯ ಬೆನ್ನೇ ಹೇಳುತ್ತದೆ. ಕೂಡಲು ಹುಂಜಗಳು ಮತ್ತೆಮತ್ತೆ ಬೆನ್ನೇರುವುದರಿಂದ ಮೊದಲು ಗರಿಯ ನಡುದಂಟು ಮುರಿದು ಮೊಂಡಾಗುತ್ತದೆ, ಆಮೇಲೆ ರೆಕ್ಕೆಗಳ ನಡುವೆ ಕೆಂಪು ಚರ್ಮ ಕಾಣುತ್ತದೆ, ಕೊನೆಗೆ ಹುಂಜದ ಕಾಲುಮುಳ್ಳು ತಾಗಿ ಪಕ್ಕೆ ಸೀಳುತ್ತದೆ. ತಲೆಯ ಹಿಂದಿನ ಗರಿಯೂ ಹೋಗಿದ್ದರೆ ಹುಂಜ ಕೊಕ್ಕಿನಲ್ಲಿ ಕಚ್ಚಿ ಹಿಡಿದದ್ದರ ಗುರುತು. ಇದನ್ನು ಹೇನು, ದೃಷ್ಟಿ ಎಂದುಕೊಂಡು ಅರಿಶಿನ ಹಚ್ಚಿ ಬಿಟ್ಟರೆ ಪಾಪದ ಪ್ರಾಣಿ ನರಳುತ್ತಲೇ ಇರುತ್ತದೆ.

ಕೋಳಿಗಳಲ್ಲಿ ಮೇಲು-ಕೆಳಗಿನ ಸಾಲು ಇದೆಯೆಂದು 1922ರಲ್ಲಿ ಬರೆದವನು ನಾರ್ವೆಯ ಪ್ರಾಣಿವಿಜ್ಞಾನಿ ಷೆಲ್ಡೆರುಪ್-ಎಬ್ಬೆ. ಹುಡುಗನಾಗಿದ್ದಾಗಲೇ ಯಾವುದು ಯಾವುದನ್ನು ಕುಕ್ಕುತ್ತದೆಂದು ಗಮನಿಸುತ್ತಿದ್ದವನು. ಸೋತ ಹುಂಜ ಓಡಿ ಮರೆಯಾಗಲು ಜಾಗವಿದ್ದರೆ ಜಗಳ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಆಷಾಢದ ಮಳೆಯಲ್ಲಿ ದಿನಗಟ್ಟಲೆ ಗೂಡಿನಲ್ಲೇ ಮುಚ್ಚಿಟ್ಟಾಗ ಓಡಲು ಜಾಗವಿಲ್ಲ. ರಕ್ತ ಬರುವುದು ಆಗಲೇ. ಕೂಗಿಗೂ ಸಾಲಿದೆ: ನಸುಕಿನಲ್ಲಿ ಮೊದಲು ಕೂಗುವುದು ಎಲ್ಲಕ್ಕಿಂತ ಮೇಲಿನದು, ಉಳಿದವು ತಮ್ಮ ಸ್ಥಾನದಂತೆ ಹಿಂದೆ ಎಂದು ಜಪಾನಿನ ನಗೋಯಾದ ಸಂಶೋಧಕರು 2015ರಲ್ಲಿ ವರದಿ ಮಾಡಿದ್ದಾರೆ. ನೆರೆಮನೆಯವರ ದೂರಿಗೆ ಹೆದರಿ ಮೊದಲು ಕೂಗುವ ಹುಂಜವನ್ನು ಮಾರಿದರೆ ಮರುದಿನ ಎರಡನೆಯದು ಶುರು ಮಾಡುತ್ತದೆ.

ಹೆಚ್ಚಾದವನ್ನು ನಾಲ್ಕೈದು ತಿಂಗಳಿಗೇ ಸಂತೆಗೋ ಸಾರಿಗೋ ಕಳಿಸುವುದು ನೇರ ದಾರಿ. ಬಲಿತರೆ ಮಾಂಸ ಗಟ್ಟಿ. ಮನಸ್ಸು ಬಾರದಿದ್ದರೆ ಹೇಂಟೆಗಳು ಕಣ್ಣಿಗೆ ಬೀಳದ ಕಡೆ ಹುಂಜಗಳಿಗೇ ಬೇರೆ ಬೇಲಿ ಕಟ್ಟಿ. ಪೈಪೋಟಿಗೆ ಕಾರಣವೇ ಇಲ್ಲದಾಗ ಒಟ್ಟಿಗೆ ಬೆಳೆದ ಹುಂಜಗಳು ಬಹುಮಟ್ಟಿಗೆ ಹೊಂದಿಕೊಂಡಿರುತ್ತವೆ. ಕೋಳಿ ಅಂಕಕ್ಕೆ ಮಾತ್ರ ಕೊಡಬೇಡಿ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾನೂನಿನ ಪ್ರಕಾರ ಅಪರಾಧ, ಕ್ರೂರವೂ ಹೌದು.

ಇರಿಸಿಕೊಳ್ಳುವುದಾದರೆ ಕಾಳು ಸಿಕ್ಕಾಗ ತಾನು ತಿನ್ನದೆ ಕುಕ್‌ಕುಕ್ ಎಂದು ಹೇಂಟೆಗಳನ್ನು ಕರೆಯುವ, ಜನರ ಮೇಲೆ ಹಾರದ ಹುಂಜವನ್ನು ಇರಿಸಿಕೊಳ್ಳಿ. ಹೇಂಟೆಯ ಮೊಟ್ಟೆನಾಳದ ಸಣ್ಣ ಕೊಳವೆಗಳಲ್ಲಿ ಹಿಂದೆ ಕೂಡಿದ ಹುಂಜಗಳ ವೀರ್ಯ ಎರಡು ವಾರಕ್ಕೂ ಮೇಲ್ಪಟ್ಟು ಉಳಿಯುತ್ತದೆ. ಹಾಗಾಗಿ ಆರಿಸಿದ ಹುಂಜದ ಮರಿಯೇ ಬೇಕಿದ್ದರೆ ಉಳಿದವನ್ನು ತೆಗೆದ ಮೇಲೆ ಮೂರು ವಾರ ಕಾಯಿರಿ. ಅಲ್ಲಿಯವರೆಗಿನ ಮೊಟ್ಟೆ ಅಡುಗೆಮನೆಗೆ ಹೋಗಲಿ.