ಇಲಿಯ ತಲೆಯೊಳಗಿನ ಪ್ರೆಷರ್ ಅಳೆಯುವುದು ಹೇಗೆ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪ್ರಶ್ನೆ: "ನಮ್ಮ ಕೊನೆಗಾರ ಅಡಿಕೆ ಮರದಿಂದ ಬಿದ್ದಾಗ, ತಲೆಯೊಳಗೆ ಪ್ರೆಷರ್ ಏರಬಹುದು, ನೋಡ್ತಾ ಇರಬೇಕು ಅಂದ್ರು ಡಾಕ್ಟ್ರು. ಇದನ್ನೆಲ್ಲ ಇಲಿಗಳ ಮೇಲೂ ಪರೀಕ್ಷೆ ಮಾಡ್ತಾರಂತೆ. ಅಷ್ಟು ಚಿಕ್ಕ ತಲೆಯಲ್ಲಿ ಹೇಗೆ ಅಳೀತಾರೆ? ಇಲಿಗೆ ನೋವಾಗಲ್ವಾ?"

ತಲೆಬುರುಡೆ ಹಿಗ್ಗುವುದಿಲ್ಲ. ಅದರೊಳಗೆ ಮಿದುಳು, ರಕ್ತ, ಒಂದಿಷ್ಟು ದ್ರವ ಇರುತ್ತವೆ. ಪೆಟ್ಟಿನಿಂದ ಮಿದುಳು ಊದಿಕೊಂಡರೆ ಮೊದಲು ದ್ರವ ಬೆನ್ನುಹುರಿಯ ಕಡೆ ಸರಿದು ಜಾಗ ಬಿಡುತ್ತದೆ. ಹಾಗಾಗಿ ಆರಂಭದಲ್ಲಿ ಒತ್ತಡ ಅಷ್ಟೇನೂ ಏರುವುದಿಲ್ಲ. ಬಿಡಲು ಜಾಗವೇ ಇಲ್ಲದಾದಾಗ ಒಮ್ಮೆಲೇ ಏರಿಬಿಡುತ್ತದೆ. ಮನುಷ್ಯರಲ್ಲಿ 22 ಮಿಲಿಮೀಟರ್ ಪಾದರಸ ದಾಟಿದರೆ ಇಳಿಸಲು ಚಿಕಿತ್ಸೆ ಬೇಕು. ಬಿದ್ದವನು ಎದ್ದು ಕೂತು ಕಾಫಿ ಕುಡಿದ ಅಂತ ಸುಮ್ನಿರಬೇಡಿ. ಆಮೇಲೆ ಪದೇಪದೇ ವಾಂತಿ, ಮಂಪರು, ತಲೆನೋವು ಜಾಸ್ತಿಯಾಗುವುದು ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಈಗ ಇಲಿಯ ವಿಷಯ. ಅದಕ್ಕೆ ಅರಿವಳಿಕೆ ಕೊಟ್ಟು, ತಲೆ ಅಲುಗದಂತೆ ಚೌಕಟ್ಟಿನಲ್ಲಿ ಹಿಡಿಸಿ, ಸಣ್ಣ ಡ್ರಿಲ್ಲಿನಿಂದ ಬುರುಡೆಯಲ್ಲಿ ತೂತು ಮಾಡುತ್ತಾರೆ. ಮೂಳೆ ಬಿಸಿಯಾದರೆ ಕೆಳಗಿನ ಮಿದುಳಿಗೇ ಏಟು, ಅದಕ್ಕೆ ಸಲೈನ್ ಬಿಡುತ್ತಲೇ ಕೊರೆಯಬೇಕು. ತೂತಿನಲ್ಲಿ ತೆಳ್ಳನೆಯ ಸೆನ್ಸರ್ ಇಳಿಸಿ, ಸುತ್ತಲೂ ಹಲ್ಲಿಗೆ ಹಾಕುವ ಸಿಮೆಂಟಿನಿಂದ ಮುಚ್ಚುತ್ತಾರೆ. ಇಡೀ ಕೆಲಸದಲ್ಲಿ ಕೈ ಪಳಗಿರಬೇಕಾದದ್ದು ಇಲ್ಲೇ. ಅಂಚಿನಲ್ಲಿ ದ್ರವ ಸೋರಿದರೆ ಒತ್ತಡ ಸುಳ್ಳೇ ಕಡಿಮೆ ತೋರಿಸುತ್ತದೆ, ಒಂದು ಜೀವ ವ್ಯರ್ಥವಾಗುತ್ತದೆ. ಸರಿಯಾಗಿ ಕೂತಿದೆಯೇ ಅಂತ ನೋಡಲು ಇಲಿಯ ಹೊಟ್ಟೆಯನ್ನು ಮೆಲ್ಲಗೆ ಒತ್ತುತ್ತಾರೆ. ಪರದೆಯ ಮೇಲಿನ ಗೆರೆ ಮೇಲೇರಿ, ಕೈ ತೆಗೆದಾಗ ಇಳಿಯಬೇಕು.

ಇನ್ನೊಂದು ತೊಡಕಿದೆ. ಅರಿವಳಿಕೆಯಲ್ಲಿ ಉಸಿರಾಟ ನಿಧಾನವಾಗುತ್ತದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ಆಗ ಏರಿದ ಒತ್ತಡ ಪೆಟ್ಟಿನದೋ ಔಷಧಿಯದೋ ಹೇಳುವುದು ಕಷ್ಟ ಅಲ್ವಾ? ಹಾಗಾಗಿ ಈಗ ಪುಟ್ಟ ಟ್ರಾನ್ಸ್‌ಮಿಟರ್ ಅನ್ನು ಮೈಯೊಳಗೇ ಇಡುವ ವಿಧಾನವೂ ಇದೆ. ಇಲಿ ಎಚ್ಚರಾಗಿ ಓಡಾಡುತ್ತಾ, ತಿನ್ನುತ್ತಾ ಇರುವಾಗಲೇ ದಿನಗಟ್ಟಲೆ ಅಂಕಿಗಳು ಬರುತ್ತಿರುತ್ತವೆ.

ನೋವಿನ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಮಿದುಳಿಗೇ ನೋವಿನ ಅರಿವಿಲ್ಲ, ಆದರೆ ಚರ್ಮಕ್ಕೆ, ಮಿದುಳಿನ ಹೊದಿಕೆಗೆ ಇದೆ. ಅರಿವಳಿಕೆ ಇಳಿದ ಮೇಲೆ ಇಲಿಗೆ ನೋವಾಗುತ್ತದೆ, ಹಾಗಾಗಿ ನೋವಿನ ಔಷಧಿ ಕೊಡಲೇಬೇಕು. ನಮ್ಮಲ್ಲಿ ಇಂಥ ಪ್ರಯೋಗಗಳಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ನಿಯಮಗಳಿವೆ. ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿ ಒಪ್ಪದೆ ಶುರು ಮಾಡುವಂತಿಲ್ಲ. ಇಲಿ ತೀರಾ ಬಳಲಿದರೆ ಯಾವ ಹಂತದಲ್ಲಿ ನಿಲ್ಲಿಸಬೇಕು ಅಂತ ಮೊದಲೇ ಬರೆದಿಡುತ್ತಾರೆ. ಪ್ರಯೋಗ ಮುಗಿದ ಮೇಲೆ ಹೆಚ್ಚಿನ ಇಲಿಗಳನ್ನು ನೋವಾಗದಂತೆ ಕೊಲ್ಲುತ್ತಾರೆ. ಅದನ್ನು ಮುಚ್ಚಿಟ್ಟು ನಿಮಗೆ ಉತ್ತರ ಕೊಡುವುದು ನನಗೆ ಸರಿ ಕಾಣುವುದಿಲ್ಲ.