ಪದ ಪರಿಚಯ: 2-ಮೀಥೈಲ್‌ಬ್ಯೂಟ-1,3-ಡೈಈನ್

ಕಾಸರಗೋಡು ಜಿಲ್ಲೆಯ ಪೂರ್ವದ ಗುಡ್ಡಗಾಡಿನಲ್ಲಿ ಅಡಿಕೆ, ತೆಂಗುಗಳ ಜತೆಗೆ ರಬ್ಬರೂ ಬಹುಕಾಲದಿಂದ ಬೇರೂರಿದ ಬೆಳೆ. ನಸುಕಿನಲ್ಲಿ ಟ್ಯಾಪಿಂಗ್ ಕತ್ತಿ ಹಿಡಿದು ತೋಟಕ್ಕೆ ಇಳಿಯುವವರು ಗೆರಟೆಯಲ್ಲಿ ಹಿಡಿಯುವ ಆ ಬಿಳಿಯ ಹಾಲಿನೊಳಗಿನ ರಬ್ಬರ್, ಒಂದೇ ಬಗೆಯ ಪುಟ್ಟ ಘಟಕವು ಕೊಂಡಿಗೆ ಕೊಂಡಿ ಸೇರಿದಂತೆ ಸಾವಿರಾರು ಸಲ ಜೋಡಿಕೊಂಡು ಆದದ್ದು. ಆ ಘಟಕಕ್ಕೆ ಸರಿಹೊಂದುವ ಹೈಡ್ರೋಕಾರ್ಬನ್ನಿಗೆ ಬಳಕೆಯಲ್ಲಿ ಐಸೊಪ್ರೀನ್ ಎಂದು ಹೆಸರು. ನಿಯಮಬದ್ಧವಾಗಿ ಹೇಳುವುದಾದರೆ ಅದು 2-ಮೀಥೈಲ್‌ಬ್ಯೂಟ-1,3-ಡೈಈನ್. ಹತ್ತನೆಯ ತರಗತಿಯ ಮಕ್ಕಳು ಇಂತಹ ಹೆಸರನ್ನು ಕಂಡೊಡನೆ ಉರು ಹೊಡೆಯಲು ತೊಡಗುತ್ತಾರೆ. ಆದರೆ ಇದು ಉರು ಹೊಡೆಯಬೇಕಾದ ಪದವಲ್ಲ, ಬಿಡಿಸಿ ಓದಬೇಕಾದ ಪದ. ಸಮಾಸವನ್ನು ವಿಗ್ರಹಿಸಿ ಅರ್ಥ ಹೇಳುವುದನ್ನು ಕನ್ನಡ ವ್ಯಾಕರಣದ ಪಾಠದಲ್ಲಿ ಕಲಿತವರಿಗೆ ಈ ಕೆಲಸ ಹೊಸದೇನೂ ಅಲ್ಲ.

ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ ಇರುವ ಸಂಯುಕ್ತವೇ ಹೈಡ್ರೋಕಾರ್ಬನ್. ಕಾರ್ಬನ್ ಪರಮಾಣುವಿಗೆ ನಾಲ್ಕು ಬಂಧಗಳು, ಹೈಡ್ರೋಜನ್ನಿಗೆ ಒಂದೇ. ನಾಲ್ಕು ಕೈಗಳಿರುವುದರಿಂದ ಕಾರ್ಬನ್ ಪರಮಾಣುಗಳು ಒಂದರ ಕೈಯನ್ನು ಇನ್ನೊಂದು ಹಿಡಿದು ಸರಪಣಿಯಾಗಬಲ್ಲವು, ಸರಪಣಿಯ ನಡುವಿನಿಂದ ಶಾಖೆ ಚಾಚಬಲ್ಲವು, ತುದಿಗೆ ತುದಿ ಕೂಡಿಸಿ ಉಂಗುರವೂ ಆಗಬಲ್ಲವು. ಹೆಸರಿಡುವವರಿಗೆ ತೊಡಕು ಬಂದದ್ದು ಇಲ್ಲಿಂದಲೇ. ಐದು ಕಾರ್ಬನ್ ಮತ್ತು ಹನ್ನೆರಡು ಹೈಡ್ರೋಜನ್ ಪರಮಾಣುಗಳನ್ನು ಮೂರು ಬಗೆಯಲ್ಲಿ ಜೋಡಿಸಬಹುದು. ಮೂರಕ್ಕೂ ಅಣುಸೂತ್ರ ಒಂದೇ, ಗುಣ ಬೇರೆ: ನೇರ ಸರಪಣಿಯದ್ದು ಸುಮಾರು 36 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ಶಾಖೆಯದ್ದು 28 ಡಿಗ್ರಿಯಲ್ಲಿ, ಎರಡು ಶಾಖೆಯದ್ದು 10 ಡಿಗ್ರಿಗೂ ತುಸು ಕೆಳಗೆ ಕುದಿಯುತ್ತದೆ. ಅಂದರೆ ನಮ್ಮ ಕರಾವಳಿಯ ಏಪ್ರಿಲ್ ಮಧ್ಯಾಹ್ನದ ಸೆಕೆಯಲ್ಲಿ ಮೊದಲನೆಯದು ದ್ರವವಾಗಿಯೇ ಉಳಿದೀತು, ಎರಡನೆಯದು ಕುದಿದು ಹೋದೀತು, ಮೂರನೆಯದು ಅನಿಲವಾಗಿಯೇ ಇರುತ್ತದೆ. ಹೀಗೆ ಒಂದೇ ಸೂತ್ರವಿದ್ದು ರಚನೆ ಬೇರೆಯಾದವುಗಳನ್ನು ಸಮಾಂಗಿಗಳೆನ್ನುತ್ತಾರೆ. ಕಾರ್ಬನ್ನಿನ ಸಂಖ್ಯೆ ಹತ್ತಕ್ಕೇರಿದರೆ ಇಂತಹ ಸಮಾಂಗಿಗಳು 75 ಸಾಧ್ಯ, ಇಪ್ಪತ್ತಕ್ಕೇರಿದರೆ 3,66,319. ಇಷ್ಟಕ್ಕೂ ಒಂದೊಂದು ಮುದ್ದುಹೆಸರು ಹುಡುಕಲು ಯಾವ ಭಾಷೆಯ ನಿಘಂಟೂ ಸಾಲದು.

ಹಿಂದೆ ಮಾಡುತ್ತಿದ್ದುದು ಅದನ್ನೇ. ವಸ್ತು ಎಲ್ಲಿ ಸಿಕ್ಕಿತೋ, ಯಾವುದರಿಂದ ಬಂತೋ, ಅದರ ಹೆಸರನ್ನೇ ಕೊಡುತ್ತಿದ್ದರು. 1860ರಲ್ಲಿ ಗ್ರೆವಿಲ್ ವಿಲಿಯಮ್ಸ್ ರಬ್ಬರನ್ನು ಕಾಯಿಸಿ ಬಟ್ಟಿಯಿಳಿಸಿದಾಗ ದೊರೆತ ದ್ರವಕ್ಕೆ ಐಸೊಪ್ರೀನ್ ಎಂದು ಹೆಸರಿಟ್ಟನು. ಆ ಹೆಸರನ್ನು ಎಷ್ಟು ಹೊತ್ತು ನೋಡಿದರೂ ಅದರಲ್ಲಿ ಐದು ಕಾರ್ಬನ್‌ಗಳಿವೆ ಎಂಬುದು ತಿಳಿಯದು. ಹೆಸರಿನಿಂದಲೇ ರಚನೆ ತಿಳಿಯಬೇಕೆಂಬ ಆಲೋಚನೆ ಕ್ರಮವಾಗಿ ಗಟ್ಟಿಯಾಯಿತು. 1866ರಲ್ಲಿ ಜರ್ಮನಿಯ ಹಾಫ್‌ಮನ್, ಹೈಡ್ರೋಜನ್ನಿನ ಪ್ರಮಾಣ ಕಡಿಮೆಯಾದಂತೆ ಹೆಸರಿನ ಕೊನೆಯ ಸ್ವರವನ್ನು ರೋಮನ್ ಲಿಪಿಯ ಐದು ಸ್ವರಗಳ ಕ್ರಮದಲ್ಲಿ ಬದಲಿಸುತ್ತ ಹೋಗುವ ಸಲಹೆ ಕೊಟ್ಟನು. 1892ರಲ್ಲಿ ಜಿನೀವಾದಲ್ಲಿ ಸೇರಿದ ರಸಾಯನಶಾಸ್ತ್ರಜ್ಞರು ಸಾವಯವ ಸಂಯುಕ್ತಗಳ ನಾಮಕರಣಕ್ಕೆ ಮೊದಲ ಅಂತಾರಾಷ್ಟ್ರೀಯ ನಿಯಮಗಳನ್ನು ರೂಪಿಸಿದರು. 1919ರಲ್ಲಿ ಸ್ಥಾಪನೆಯಾದ, ಐಯುಪಿಎಸಿ ಎಂಬ ಹ್ರಸ್ವರೂಪದಿಂದ ಪ್ರಸಿದ್ಧವಾದ ಸಂಸ್ಥೆಯು ಆ ಕೆಲಸವನ್ನು ಇಂದಿಗೂ ನಡೆಸುತ್ತಿದೆ.

ಈಗ ಹೆಸರಿನ ಒಳಗೆ ಹೋಗೋಣ. ನಮ್ಮ ಕಡೆ ವ್ಯಕ್ತಿಯ ಹೆಸರಿನ ಮುಂದೆ ಊರೂ ಹಿಂದೆ ಕುಲನಾಮವೂ ಬರುವುದುಂಟು: ಮಂಜೇಶ್ವರ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ. ಹೈಡ್ರೋಕಾರ್ಬನ್ನಿನ ಹೆಸರಿಗೂ ಇಂತಹದೇ ಮೂರು ಭಾಗಗಳಿವೆ. ನಡುವೆ ಮೂಲಪದ, ಅದು ಮುಖ್ಯ ಸರಪಣಿಯ ಕಾರ್ಬನ್‌ಗಳ ಸಂಖ್ಯೆಯನ್ನು ಹೇಳುತ್ತದೆ. ಕೊನೆಯಲ್ಲಿ ಪ್ರತ್ಯಯ, ಅದು ಕುಲವನ್ನು, ಎಂದರೆ ಬಂಧದ ಬಗೆಯನ್ನು ಹೇಳುತ್ತದೆ. ಮುಂದೆ ಪೂರ್ವಪದ, ಅದು ಯಾವ ಶಾಖೆ ಎಲ್ಲಿ ಅಂಟಿಕೊಂಡಿದೆಯೆಂದು ಹೇಳುತ್ತದೆ. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ: ಮನುಷ್ಯರ ಹೆಸರನ್ನು ಕೇಳಿ ಮುಖ ಬರೆಯಲಾಗದು, ಇಲ್ಲಿಯ ಹೆಸರನ್ನು ಕೇಳಿ ಅಣುವನ್ನು ತಪ್ಪಿಲ್ಲದೆ ಬರೆಯಬಹುದು.

ಮೂಲಪದಗಳಲ್ಲಿ ಐದರಿಂದ ಮುಂದಿನವು ಸಂಖ್ಯಾವಾಚಕಗಳು: ಪೆಂಟ್, ಹೆಕ್ಸ್, ಹೆಪ್ಟ್, ಆಕ್ಟ್, ನಾನ್, ಡೆಕ್. ಇವುಗಳಲ್ಲಿ ಒಂಬತ್ತರ ನಾನ್ ಲ್ಯಾಟಿನ್ನಿನದು, ಉಳಿದವು ಗ್ರೀಕಿನವು. ಮೊದಲ ನಾಲ್ಕು ಮಾತ್ರ ಹಳೆಯ ಹೆಸರುಗಳ ನೆನಪನ್ನು ಉಳಿಸಿಕೊಂಡಿವೆ, ಮತ್ತು ನನಗೆ ಈ ನಾಲ್ಕರ ಮೇಲೆ ವಿಶೇಷ ಪ್ರೀತಿ. ಒಂದು ಕಾರ್ಬನ್ನಿನ ಮೀಥ್, ಮರದ ಮದ್ಯವೆಂಬ ಅರ್ಥದ ಗ್ರೀಕ್ ಮೂಲದಿಂದ ಬಂದದ್ದು. ಅದರಲ್ಲಿ ಮದ್ಯವನ್ನು ಸೂಚಿಸುವ ಮಾತಿಗೂ ಸಂಸ್ಕೃತದ ಮಧುವಿಗೂ ರಕ್ತಸಂಬಂಧವಿದೆ. ಎರಡು ಕಾರ್ಬನ್ನಿನ ಈಥ್, ಈಥರ್ ಎಂಬ ದ್ರವದ ಹೆಸರಿನಿಂದ ಬಂತು. ಮೂರರ ಪ್ರೊಪ್, ಪ್ರೊಪಿಯೋನಿಕ್ ಆಮ್ಲದ ಹೆಸರಿನ ತುಂಡು. ಕೊಬ್ಬಿನ ಆಮ್ಲಗಳ ಸಾಲಿನಲ್ಲಿ ಇದೇ ಮೊದಲನೆಯದೆಂದು ಬಗೆದು ‘ಮೊದಲ ಕೊಬ್ಬು’ ಎಂಬ ಅರ್ಥದಲ್ಲಿ ಆ ಹೆಸರನ್ನು ಕಟ್ಟಿದ್ದರು. ನಾಲ್ಕರ ಬ್ಯೂಟ್ ಬಂದದ್ದು ಬೆಣ್ಣೆಯಿಂದ: ಹಳಸಿದ ಬೆಣ್ಣೆಯ ನಾತಕ್ಕೆ ಕಾರಣವಾದ ಬ್ಯುಟಿರಿಕ್ ಆಮ್ಲದಲ್ಲಿ ನಾಲ್ಕು ಕಾರ್ಬನ್‌ಗಳಿವೆ. ಅಡುಗೆಮನೆಯ ಗ್ಯಾಸ್ ಸಿಲಿಂಡರಿನಲ್ಲಿರುವ ಬ್ಯೂಟೇನ್ ಹೆಸರಿನ ಬಲದಿಂದ ಬೆಣ್ಣೆಯ ನೆಂಟ.

ಕುಲವನ್ನು ಹೇಳುವ ಪ್ರತ್ಯಯಗಳು ಮೂರೇ. ಕಾರ್ಬನ್ ಕಾರ್ಬನ್‌ಗಳ ನಡುವೆ ಏಕಬಂಧಗಳು ಮಾತ್ರ ಇದ್ದರೆ ‘ಏನ್’, ದ್ವಿಬಂಧವಿದ್ದರೆ ‘ಈನ್’, ತ್ರಿಬಂಧವಿದ್ದರೆ ‘ಐನ್’. ಎರಡು ಕಾರ್ಬನ್‌ಗಳಿದ್ದಲ್ಲಿ ಈಥೇನ್, ಈಥೀನ್, ಈಥೈನ್. ಕನ್ನಡದಲ್ಲಿ ಬರೆದಾಗ ಈ ಮೂರಕ್ಕೂ ಇರುವ ಅಂತರ ಥಕಾರದ ಮೇಲಿನ ಒಂದು ಸ್ವರಚಿಹ್ನೆ ಮಾತ್ರ. ಆ ಚಿಹ್ನೆ ತಪ್ಪಿದರೆ ಬರೆಯುವುದು ಕಾಗುಣಿತದ ತಪ್ಪಲ್ಲ, ಬೇರೆಯೇ ಒಂದು ವಸ್ತುವಿನ ಹೆಸರು. ಬಾಳೆಗೊನೆಯನ್ನು ಹಣ್ಣು ಮಾಡುವ ಅನಿಲ ಈಥೀನ್. ಗ್ಯಾಸ್ ವೆಲ್ಡಿಂಗ್ ಮಾಡುವವರು ಉರಿಸುವುದು ಈಥೈನ್. ಇನ್ನೊಂದು ಬಲೆಯೂ ಇದೆ. ಈಥೈನಿನ ಹಳೆಯ ಹೆಸರು ಅಸಿಟಿಲೀನ್. ಕಿವಿಗೆ ‘ಈನ್’ ಎಂದು ಕೇಳಿಸುವುದರಿಂದ ಅದರಲ್ಲಿ ದ್ವಿಬಂಧವಿದೆಯೆಂದು ನಂಬುವ ವಿದ್ಯಾರ್ಥಿಗಳು ಅನೇಕ, ಆದರೆ ಅಲ್ಲಿರುವುದು ತ್ರಿಬಂಧ. ನಿಯಮಕ್ಕೆ ಮೊದಲು ಹುಟ್ಟಿದ ಹೆಸರಿಗೆ ನಿಯಮದ ಪ್ರತ್ಯಯವನ್ನು ಹಚ್ಚಿ ಓದಬಾರದು.

ಶಾಖೆಯ ಹೆಸರು ಸುಲಭ. ಮೀಥೇನಿನಿಂದ ಒಂದು ಹೈಡ್ರೋಜನ್ ಕಳೆದರೆ ಉಳಿಯುವ ತುಂಡು ಮೀಥೈಲ್, ಈಥೇನಿನಿಂದ ಕಳೆದರೆ ಈಥೈಲ್. ಕೊನೆಯಲ್ಲಿ ‘ಐಲ್’ ಬಂದರೆ ಅದು ಸ್ವತಂತ್ರ ವಸ್ತುವಲ್ಲ, ಅಂಟಿಕೊಂಡಿರುವ ಗುಂಪು.

ಇಷ್ಟನ್ನು ಹಿಡಿದುಕೊಂಡು ನಮ್ಮ ರಬ್ಬರಿನ ಅಣುವಿಗೆ ಮರಳೋಣ. ಐಸೊಪ್ರೀನಿನಲ್ಲಿ ಐದು ಕಾರ್ಬನ್‌ಗಳು. ನಾಲ್ಕು ಒಂದು ಸಾಲಿನಲ್ಲಿ, ಐದನೆಯದು ಒಳಗಿನ ಎರಡರಲ್ಲಿ ಒಂದರ ಮೇಲೆ ಶಾಖೆಯಾಗಿ. ಸಾಲಿನ ಎರಡು ತುದಿಗಳಲ್ಲಿಯೂ ಒಂದೊಂದು ದ್ವಿಬಂಧ. ಮುಖ್ಯ ಸರಪಣಿ ನಾಲ್ಕರದ್ದು, ಆದ್ದರಿಂದ ಬ್ಯೂಟ್. ದ್ವಿಬಂಧ ಎರಡು, ಆದ್ದರಿಂದ ‘ಈನ್’ ಮೊದಲಿಗೆ ಎರಡೆಂಬ ಅರ್ಥದ ‘ಡೈ’. ಶಾಖೆ ಮೀಥೈಲ್. ಉಳಿದ ಪ್ರಶ್ನೆ ಅಂಕೆಗಳದ್ದು: ಎಣಿಕೆಯನ್ನು ಯಾವ ತುದಿಯಿಂದ ಆರಂಭಿಸಬೇಕು? ಬಹುಬಂಧಕ್ಕೆ ಸಾಧ್ಯವಾದಷ್ಟು ಚಿಕ್ಕ ಅಂಕೆ ಬರಬೇಕೆಂಬುದು ಮೊದಲ ನಿಯಮ. ಶಾಖೆಯ ಸರದಿ ಅನಂತರ. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ದ್ವಿಬಂಧಗಳು 1 ಮತ್ತು 3ರಲ್ಲಿಯೇ ಆರಂಭವಾಗುತ್ತವೆ, ಹಾಗಾಗಿ ಮೊದಲ ನಿಯಮದಿಂದ ತೀರ್ಮಾನವಾಗದು. ಆಗ ಶಾಖೆಯನ್ನು ನೋಡಬೇಕು. ಒಂದು ತುದಿಯಿಂದ ಮೀಥೈಲ್ 2ರಲ್ಲಿ, ಇನ್ನೊಂದರಿಂದ 3ರಲ್ಲಿ, ಚಿಕ್ಕದು 2. ಹೀಗೆ ಹೆಸರು 2-ಮೀಥೈಲ್‌ಬ್ಯೂಟ-1,3-ಡೈಈನ್ ಎಂದಾಗುತ್ತದೆ.

‘ಬ್ಯೂಟ್’ ಇಲ್ಲಿ ‘ಬ್ಯೂಟ’ ಏಕಾಯಿತು ಎಂದು ಸೂಕ್ಷ್ಮವಾಗಿ ನೋಡುವವರು ಕೇಳಿಯಾರು. ಇದು ಸಂಧಿಕಾರ್ಯವೇ. ‘ಊರು’ ಮತ್ತು ‘ಅಲ್ಲಿ’ ಸೇರಿದಾಗ ಸ್ವರದ ಮುಂದೆ ಸ್ವರ ಬಂದು ಉಕಾರ ಬಿದ್ದು ಊರಲ್ಲಿ ಎಂದಾಗುತ್ತದೆ. ‘ಗಳು’ ಸೇರಿದಾಗ ಮುಂದಿರುವುದು ವ್ಯಂಜನವಾದ್ದರಿಂದ ಊರುಗಳು ಎಂದು ಉಕಾರ ಉಳಿಯುತ್ತದೆ. ಹಾಗೆಯೇ ಒಂದೇ ದ್ವಿಬಂಧವಿದ್ದಾಗ ಮುಂದೆ ಸ್ವರ, ಬ್ಯೂಟೀನ್; ಎರಡಿದ್ದಾಗ ಮುಂದೆ ಡಕಾರ, ಅಕಾರದೊಡನೆ ಬ್ಯೂಟಡೈಈನ್. ಲೋಪವೆಂದರೂ ಆಗಮವೆಂದರೂ ಫಲ ಒಂದೇ.

ಕಲಿಯುವವರು ಎಡವುವ ಜಾಗಗಳು ಕೆಲವಿವೆ. ಮುಖ್ಯ ಸರಪಣಿಯೆಂದರೆ ಹಾಳೆಯ ಮೇಲೆ ಅಡ್ಡಗೆರೆಯಾಗಿ ಕಾಣುವುದಲ್ಲ. ಎಲ್ಲಿ ಬಾಗಿದರೂ ತಿರುಗಿದರೂ ಅತ್ಯಂತ ಉದ್ದವಾಗಿ ಸಾಗುವುದು ಮುಖ್ಯ ಸರಪಣಿ. 2-ಈಥೈಲ್‌ಬ್ಯೂಟೇನ್ ಎಂದು ಯಾರಾದರೂ ಬರೆದರೆ ಆ ಚಿತ್ರದ ಮೇಲೆ ಬೆರಳಿಟ್ಟು ಈಥೈಲಿನ ದಾರಿಯಾಗಿ ನಡೆದು ನೋಡಬೇಕು: ಐದು ಕಾರ್ಬನ್‌ಗಳ ಸಾಲು ಸಿಗುತ್ತದೆ, ಸರಿಯಾದ ಹೆಸರು 3-ಮೀಥೈಲ್‌ಪೆಂಟೇನ್. ಶಾಖೆಗಳ ಅಂಕೆಗಳನ್ನು ಕೂಡಿಸಿ, ಮೊತ್ತ ಕಡಿಮೆಯಾದ ದಿಕ್ಕನ್ನು ಆರಿಸಬೇಕೆಂದು ಕೆಲವೆಡೆ ಹೇಳಿಕೊಡುತ್ತಾರೆ, ಅದೂ ಸರಿಯಲ್ಲ. ಹತ್ತು ಕಾರ್ಬನ್ನಿನ ಒಂದು ಸರಪಣಿಯಲ್ಲಿ ಮೂರು ಮೀಥೈಲ್‌ಗಳು ಒಂದು ಕಡೆಯಿಂದ 2,7,8ರಲ್ಲಿ, ಇನ್ನೊಂದು ಕಡೆಯಿಂದ 3,4,9ರಲ್ಲಿ ಬರುತ್ತವೆಯೆನ್ನೋಣ. ಮೊತ್ತ ಕ್ರಮವಾಗಿ 17 ಮತ್ತು 16. ಆದರೂ ಸರಿಯಾದ ಹೆಸರು 2,7,8-ಟ್ರೈಮೀಥೈಲ್‌ಡೆಕೇನ್, ಏಕೆಂದರೆ ಎರಡು ಸಾಲುಗಳನ್ನು ಹೋಲಿಸುವಾಗ ಮೊದಲು ವ್ಯತ್ಯಾಸ ಕಾಣುವ ಸ್ಥಾನದಲ್ಲಿ ಯಾವುದು ಚಿಕ್ಕದೋ ಅದೇ ಗೆಲ್ಲುತ್ತದೆ.

ಕನ್ನಡದಲ್ಲಿ ಓದುವವರಿಗೆ ಎದುರಾಗುವ ತೊಡಕೊಂದಿದೆ, ಅದನ್ನು ತರಗತಿಯಲ್ಲಿ ಬಿಡಿಸಿ ಹೇಳಲೇಬೇಕು. ಬೇರೆ ಬೇರೆ ಶಾಖೆಗಳಿದ್ದರೆ ಅವುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಬರೆಯಬೇಕೆಂದು ನಿಯಮ. ಇಲ್ಲಿ ಅಕ್ಷರಮಾಲೆಯೆಂದರೆ ರೋಮನ್ ಅಕ್ಷರಮಾಲೆ. ನಮ್ಮ ವರ್ಣಮಾಲೆಯಲ್ಲಿ ಪಕಾರವು ಮಕಾರಕ್ಕಿಂತ ಮೊದಲು, ರೋಮನ್ನಿನಲ್ಲಿ ‘ಎಂ’ ಮೊದಲು, ‘ಪಿ’ ಅನಂತರ. ಆದ್ದರಿಂದ 3-ಮೀಥೈಲ್-4-ಪ್ರೊಪೈಲ್‌ಹೆಪ್ಟೇನ್ ಎಂಬುದು ಸರಿ. ಕನ್ನಡದ ಕ್ರಮ ಹಿಡಿದು ಪ್ರೊಪೈಲನ್ನು ಮುಂದಿಟ್ಟರೆ ತಪ್ಪು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಶಾಲೆಗಳಲ್ಲಿ ಕನ್ನಡ ಮತ್ತು ಮಲಯಾಳ ವಿಭಾಗಗಳು ಅಕ್ಕಪಕ್ಕದ ಕೋಣೆಗಳಲ್ಲಿ ನಡೆಯುತ್ತವೆ. ಎರಡು ಲಿಪಿಗಳಲ್ಲಿಯೂ ಪಕಾರ ಮೊದಲೇ ಬರುವುದರಿಂದ ಎರಡೂ ಕೋಣೆಗಳಿಗೆ ತೊಡಕು ಸಮಾನ. ಡೈ, ಟ್ರೈ ಎಂಬ ಸಂಖ್ಯಾಸೂಚಕಗಳನ್ನು ಈ ಕ್ರಮದಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. 4-ಈಥೈಲ್-2,2-ಡೈಮೀಥೈಲ್‌ಹೆಕ್ಸೇನ್ ಎಂಬಲ್ಲಿ ‘ಡಿ’ ಅಕ್ಷರ ‘ಇ’ಗಿಂತ ಮೊದಲಿನದಾದರೂ ಈಥೈಲೇ ಮುಂದೆ ನಿಲ್ಲುತ್ತದೆ.

ನಿಯಮಗಳೂ ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತವೆ. ದ್ವಿಬಂಧದ ಅಂಕೆಯನ್ನು ಹೆಸರಿನ ಮೊದಲಿಗೆ ಇಟ್ಟು 2-ಬ್ಯೂಟೀನ್ ಎಂದು ಬರೆಯುತ್ತಿದ್ದ ರೂಢಿಯ ಬದಲು, ಅಂಕೆಯು ಯಾವ ಪ್ರತ್ಯಯಕ್ಕೆ ಸೇರಿದೆಯೋ ಅದರ ಪಕ್ಕದಲ್ಲಿಯೇ ಇರಲೆಂದು ಬ್ಯೂಟ್-2-ಈನ್ ಎಂದು ಬರೆಯುವ ಸಲಹೆ 1993ರಲ್ಲಿ ಬಂತು. 2013ರ ಶಿಫಾರಸಿನಂತೆ ಮುಖ್ಯ ಸರಪಣಿಯನ್ನು ಆರಿಸುವಾಗ ದ್ವಿಬಂಧಕ್ಕಿಂತ ಉದ್ದಕ್ಕೆ ಆದ್ಯತೆ. ಶಾಲೆಯಲ್ಲಿ ಕಲಿತವರಿಗೆ ದ್ವಿಬಂಧವನ್ನು ಒಳಗೊಂಡ ಸರಪಣಿಯೇ ಮುಖ್ಯವೆಂಬುದು ರೂಢಿಯಾಗಿರುವುದರಿಂದ ಇದು ಹೊಸತೆನಿಸೀತು. ಅದೇ ಶಿಫಾರಸು ಅಸಿಟಿಲೀನ್ ಎಂಬ ಹಳೆಯ ಹೆಸರನ್ನು ಆದ್ಯತೆಯ ಹೆಸರಾಗಿಯೇ ಉಳಿಸಿಕೊಂಡಿದೆ.

ಹೆಸರಿಡುವಾಗ ಕೊಟ್ಟ ಅಂಕೆಗಳು ಹೆಸರಿನೊಡನೆ ಮುಗಿಯುವುದಿಲ್ಲ. ರಬ್ಬರಿನ ರಚನೆಯನ್ನು ಸಿಸ್-1,4-ಪಾಲಿಐಸೊಪ್ರೀನ್ ಎಂದು ವಿವರಿಸುತ್ತಾರೆ. ಘಟಕಗಳು ತಮ್ಮ 1ನೆಯ ಮತ್ತು 4ನೆಯ ಕಾರ್ಬನ್‌ಗಳ ಮೂಲಕ ಒಂದಕ್ಕೊಂದು ಕೂಡಿಕೊಂಡಿವೆ, ಎರಡು ದ್ವಿಬಂಧಗಳ ಬದಲು ಈಗ 2 ಮತ್ತು 3ರ ನಡುವೆ ಒಂದೇ ದ್ವಿಬಂಧವಿದೆ, ಆ ದ್ವಿಬಂಧದ ಒಂದೇ ಪಕ್ಕದಲ್ಲಿ ಸರಪಣಿಯ ಎರಡು ತುದಿಗಳೂ ಚಾಚಿಕೊಂಡಿವೆ ಎಂಬಷ್ಟು ಅರ್ಥ ಆ ಪುಟ್ಟ ಮಾತಿನಲ್ಲಿದೆ. ‘ಸಿಸ್’ ಇರುವಲ್ಲಿ ‘ಟ್ರಾನ್ಸ್’ ಎಂದು ಬರೆದರೆ, ಎಂದರೆ ತುದಿಗಳನ್ನು ಎದುರುಬದುರು ಪಕ್ಕಗಳಿಗೆ ತಿರುಗಿಸಿದರೆ, ಅದು ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾಗಿ ಬಳಸಿದ ಗಟ್ಟಾಪರ್ಚ. ಅಂಕೆಗಳು ಅವೇ, ಪರಮಾಣುಗಳು ಅವೇ. ಆದರೆ ಅದು ರಬ್ಬರಿನಂತೆ ಎಳೆದರೆ ಹಿಗ್ಗಿ ಬಿಟ್ಟರೆ ಮರಳುವುದಿಲ್ಲ, ತಣ್ಣಗಿರುವಾಗ ಗಟ್ಟಿಯಾಗಿರುತ್ತದೆ.